ಮಾತು ನಿಲ್ಲದ ಆವೃತ್ತಿ

ನಾಸಿಕ್ ರೋಡ್ ಸ್ಟೇಶನ್ನಿನಲ್ಲಿ ರೈಲುಗಳ ಹೆಸರು ಕೂಗುವ ಹೆಂಗಸಿನ ದನಿಯನ್ನು ನೀವೂ ಕೇಳಿರಬಹುದು. ಒಂದೊಂದು ಪದವನ್ನೂ ಒಂದೊಂದು ದಿನ ಆಡಿಸಿ ಆಮೇಲೆ ಅಂಟಿಸಿದಂತಿರುತ್ತದೆ. ಅಂಕಿ ಬಂದಾಗ ಅವಳಿಗೆ ಇದ್ದಕ್ಕಿದ್ದಂತೆ ಉತ್ಸಾಹ, ಊರಿನ ಹೆಸರು ಬಂದಾಗ ಬೇಸರ. ಇವತ್ತು ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಅದನ್ನು ಕೇಳುತ್ತಿದ್ದಾಗ ಅತ್ತಿಯ ಲ್ಯಾಪ್‌ಟಾಪಿನ ಗಂಡುದನಿ ನೆನಪಾಗಿ ನಗು ಬಂತು. ದ್ರಾಕ್ಷಿ ಪೆಟ್ಟಿಗೆಯ ಮೇಲೆ ಕೂತಿದ್ದ ಮುದುಕನೊಬ್ಬ ನನ್ನನ್ನು ಅನುಮಾನದಿಂದ ನೋಡಿ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡ.

ಅತ್ತಿ ಅಂದರೆ ನನ್ನ ತಂದೆಯ ತಂಗಿ. ವಿಜಯಪುರದ ಕಡೆಯವಳು. ಮದುವೆಯಾಗಿ ಛತ್ರಪತಿ ಸಂಭಾಜಿನಗರಕ್ಕೆ ಬಂದಳು, ಆಗ ಊರಿಗೆ ಬೇರೆ ಹೆಸರಿತ್ತು. ಮರಾಠಿ ಶಾಲೆಯಲ್ಲಿ ವಿಜ್ಞಾನ ಕಲಿಸಿದಳು. ಅವಳ ಕಣ್ಣು ಹೋದದ್ದು ನಿಧಾನವಾಗಿ: ಮೊದಲು ಕರಿಹಲಗೆಯ ಅಂಚು, ಆಮೇಲೆ ಕರಿಹಲಗೆ. ನಿವೃತ್ತಳಾದ ಮೇಲೆ ನಾನೇ ಒಂದು ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿ, ಪರದೆಯ ಮೇಲಿನ ಅಕ್ಷರವನ್ನೆಲ್ಲ ಓದಿ ಹೇಳುವ ತಂತ್ರಾಂಶವನ್ನು ಚಾಲೂ ಮಾಡಿಕೊಟ್ಟೆ. ಅದು ಕನ್ನಡವನ್ನೂ ಓದುತ್ತದೆ, ಉಸಿರು ತೆಗೆದುಕೊಳ್ಳದೆ, ಯಾರೋ ಅಟ್ಟಿಸಿಕೊಂಡು ಬಂದವರ ಹಾಗೆ.

“ಮರಾಠಿ ಬೆರಸದ ಕನ್ನಡ ಮಾತಾಡಾಂವ ನಮ್ಮ ಮನ್ಯಾಗ ಇವನೊಬ್ಬನ ನೋಡಪಾ” ಎಂದಿದ್ದಳು ಅತ್ತಿ.

ಆ ಲ್ಯಾಪ್‌ಟಾಪಿನ ಪರದೆ ಯಾವಾಗ ಕೆಟ್ಟಿತೋ ತಿಳಿಯದು. ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ, ಅವಳು ಗಮನಿಸುವ ಪ್ರಶ್ನೆಯೇ ಇಲ್ಲ. ಕೆಟ್ಟದ್ದನ್ನು ಕಂಡುಹಿಡಿದ ಹೆಮ್ಮೆಯಲ್ಲಿ ನಾನು, “ರಿಪೇರಿ ಮಾಡಸ್ತೀನಿ ಅತ್ತಿ” ಅಂದೆ.

“ಯಾರ ಸಂಬಂಧ? ನೊಣ ಕೂಡಾಕ?”

ಆದರೆ ಎರಡು ವರ್ಷಕ್ಕೊಮ್ಮೆ, ಲಿನಕ್ಸಿನ ಹೊಸ ಆವೃತ್ತಿ ಬಂದಾಗ, ಪರದೆ ಬೇಕೇ ಬೇಕಾಗುತ್ತಿತ್ತು. ಓದಿ ಹೇಳುವ ದನಿ ಹೊಸ ಆವೃತ್ತಿಯನ್ನು ಹಾಕುವ ಕೆಲಸದ ಆರಂಭದಲ್ಲಿ ಚೆನ್ನಾಗಿಯೇ ಮಾತಾಡುತ್ತಿತ್ತು. ಡಿಸ್ಕನ್ನು ಹೇಗೆ ಹಂಚಬೇಕು, ಏನನ್ನು ಅಳಿಸಬೇಕು ಎಂದು ಕೇಳುವ ಘಟ್ಟಕ್ಕೆ ಬಂದೊಡನೆ ಸುಮ್ಮನಾಗುತ್ತಿತ್ತು. ಆದ್ದರಿಂದ ನಾನು ನಾಸಿಕ್ಕಿನ ಸಾತಪುರದ ಕಾರ್ಖಾನೆಗೆ ರಜೆ ಹಾಕಿ, ಮನೆಯ ಮಾನಿಟರನ್ನು ಚಾದರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಯೇವಲಾ, ವೈಜಾಪುರದ ಮೇಲೆ ಹೋಗುವ ಎಸ್‌ಟಿ ಬಸ್ಸಿನಲ್ಲಿ ಕೂರುತ್ತಿದ್ದೆ. ಒಮ್ಮೆ ಕಂಡಕ್ಟರ್ “ಆತ್ ದೇವ್ ಆಹೇ ಕಾ?” ಎಂದು ಕೇಳಿದ, ಒಳಗೆ ದೇವರಿದೆಯೇ ಎಂದು. “ಅಲ್ಲ, ನಮ್ಮ ಅತ್ತಿಯ ಕಣ್ಣು” ಎಂದು ನಾನು ಉತ್ತರಿಸಿದೆ ಎಂದು ಬರೆಯಲು ಆಸೆಯಾಗುತ್ತಿದೆ. ಗೆಳೆಯರ ಮುಂದೆ ಹಾಗೆ ಹೇಳಿಯೂ ಇದ್ದೇನೆ. ನಿಜವಾಗಿ “ಕಂಪ್ಯೂಟರ್” ಅಂದೆ, ಅವನು ಲಗೇಜ್ ಟಿಕೆಟ್ ಹರಿದುಕೊಟ್ಟ.

ಅವರ ಮನೆಯ ಟೀವಿಗೇ ತಂತಿ ಹಚ್ಚಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹಚ್ಚಬಹುದಿತ್ತು. ಅದು ಹೊಳೆಯಲಿಲ್ಲ ಎಂದರೆ ಪೂರ್ತಿ ಸತ್ಯವಾಗುವುದಿಲ್ಲ. ಹೊತ್ತುಕೊಂಡು ಹೋದವನಿಗೆ ಸಿಗುವ ಊಟ ಬರಿಗೈಯಲ್ಲಿ ಹೋದವನಿಗೆ ಸಿಗುವುದಿಲ್ಲ.

ಕಳೆದ ಆವೃತ್ತಿ ಬಂದಾಗ ಅತ್ತಿ ನನಗೆ ಹೇಳಲಿಲ್ಲ. ತಾನೇ ಪೆನ್‌ಡ್ರೈವ್ ಚುಚ್ಚಿ ಕೂತಳು. ಡಿಸ್ಕಿನ ಘಟ್ಟದಲ್ಲಿ ದನಿ ನಿಂತಿತು. ಅವಳು ಕಾದಳು. ಸೊಸೆ ಮಂಜಿರಿ ಬಡಿಸಿದ ತಾಟು ಆರಿತು, ಆದರೂ ಕಾದಳು. ಹೊರಗೆ ಮಳೆ ಸುರಿಯುತ್ತಿತ್ತು ಎಂದು ನಾನು ಈ ಕಥೆಯನ್ನು ಬಹಳ ಸಲ ಹೇಳಿದ್ದೇನೆ. ಅತ್ತಿ ಒಪ್ಪುವುದಿಲ್ಲ. ಕಿಟಕಿಯ ಬಿಸಿಲಿಗೆ ಬೆನ್ನು ಸುಡುತ್ತಿತ್ತಂತೆ. ಅವಳ ಬೆನ್ನನ್ನೇ ನಂಬಬೇಕು, ಏಕೆಂದರೆ ನಾನು ಅಲ್ಲಿರಲೇ ಇಲ್ಲ.

“ಅಷ್ಟೊತ್ತು ಯಾಕ ಕಾದಿ?” ಎಂದು ಆಮೇಲೆ ಕೇಳಿದೆ.

“ಹುಡುಗ್ರಿಗೆ ಪ್ರಶ್ನೆ ಕೇಳಿದ ಮ್ಯಾಲೆ ಅವರು ವಿಚಾರ ಮಾಡೂ ಮಟಾ ಬಾಯಿ ಹಾಕಬಾರದು. ಇವನೂ ವಿಚಾರ ಮಾಡಾಕತ್ತಾನ ಅಂದ್ಕೊಂಡೆ.”

ಕೊನೆಗೆ ಅಂದಾಜಿನಲ್ಲಿ ಒಂದು ಕೀಲಿ ಒತ್ತಿದಳು. ಡಿಸ್ಕಿನಲ್ಲಿದ್ದದ್ದೆಲ್ಲ ಅಳಿಸಿಹೋಯಿತು. ಎಲ್ಲದರ ಪ್ರತಿ ನನ್ನ ಬಳಿ ನಾಸಿಕ್ಕಿನಲ್ಲಿತ್ತು, ನಾನು ಎಂದಿನಂತೆ ಹೋಗಿ ಎಲ್ಲವನ್ನೂ ಸರಿ ಮಾಡಿಕೊಟ್ಟೆ. ಅವಳು ಖುಷಿಯಾಗಲಿಲ್ಲ.

“ನನ್ನ ಮನೀ ಕೀಲಿ ನಿನ್ನ ಕಡೆ ಯಾಕಿರಬೇಕೋ ತಮ್ಮಾ?” ಅಂದಳು. ಸಿಟ್ಟಿನಿಂದಲ್ಲ, ತರಗತಿಯಲ್ಲಿ ಕೇಳುವ ಹಾಗೆ.

ಈ ಲಿನಕ್ಸನ್ನು ಮಾಡುವವರು ಲೋಕದ ತುಂಬ ಹರಡಿರುವ, ಸಂಬಳವಿಲ್ಲದ ಜನ. ಅವರಿಗೆ ಅತ್ತಿ ತನ್ನ ಮಾಸ್ತರಿಕೆಯ ಇಂಗ್ಲಿಷಿನಲ್ಲಿ ಬರೆದಳು: ನಿಮ್ಮ ದನಿ ಮುಖ್ಯವಾದ ಪ್ರಶ್ನೆ ಬಂದಾಗ ಸುಮ್ಮನಾಗುತ್ತದೆ, ಇದು ಒಳ್ಳೆಯ ಅಭ್ಯಾಸವಲ್ಲ. ಯಾವುದೋ ಚಳಿಯ ದೇಶದಿಂದ ಒಬ್ಬ ಉತ್ತರಿಸಿದ. ಮುಂದಿನ ಆವೃತ್ತಿಯಲ್ಲಿ ಸರಿಪಡಿಸಲು ನೋಡುತ್ತೇವೆ, ವಾರವಾರ ಬರುವ ಕರಡು ಆವೃತ್ತಿಯನ್ನು ಪರೀಕ್ಷಿಸಿ ಹೇಳುತ್ತೀರಾ ಎಂದು ಕೇಳಿದ. ಅಂದಿನಿಂದ ಅತ್ತಿ ವಾರಕ್ಕೊಮ್ಮೆ ಆ ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ ಹೊಸದಾಗಿ ತುಂಬತೊಡಗಿದಳು. ಒಂದು ವಾರ ಮಾತು ಮುಂದೆ ಹೋಗುತ್ತಿತ್ತು, ಮರುವಾರ ಮತ್ತೆ ಅಲ್ಲೇ ಮುಗ್ಗರಿಸುತ್ತಿತ್ತು.

ಆ ಹೊಸ ಆವೃತ್ತಿಯ ಬಿಡುಗಡೆಯ ದಿನ ಇವತ್ತು. ಲೋಕಕ್ಕೆ ಕೊಡುವುದಕ್ಕೆ ಕೆಲವು ಗಂಟೆ ಮುಂಚೆ ಅಂತಿಮ ಪ್ರತಿಯನ್ನು ಅಲ್ಲಲ್ಲಿ ಕೂತವರು ಹಾಕಿ ನೋಡುತ್ತಾರೆ. ಪರದೆ ನೋಡದೆ, ಬರೀ ಕಿವಿಯಿಂದ ಕೇಳಿ ಹಾಕುವ ಪರೀಕ್ಷೆ ಅತ್ತಿಯ ಪಾಲಿಗೆ ಬಂದಿತ್ತು. ಇಲ್ಲೂ ಮಾತು ನಿಂತರೆ, ಅದೊಂದಕ್ಕಾಗಿ ಬಿಡುಗಡೆ ನಿಲ್ಲುವುದಿಲ್ಲ. ಮುಂದಿನದಕ್ಕೆ ಮತ್ತೆ ಎರಡು ವರ್ಷ ಕಾಯಬೇಕು, ಅವಳ ವಯಸ್ಸಿನಲ್ಲಿ. ಮೊನ್ನೆ ಫೋನಿನಲ್ಲಿ ಅವಳೇ ಕರೆದಿದ್ದಳು.

“ಬರೂದಾದ್ರ ಬಾ. ಆ ಮಾನಿಟರ್ ಮಾತ್ರ ತರಬ್ಯಾಡ.”

“ಮತ್ತ ಕೆಟ್ಟ್ರ?”

“ಕೆಟ್ಟ್ರ ಕೆಟ್ಟೈತಿ ಅಂತ ಬರೀತೀನಿ. ಪ್ರತಿ ಸಲ ನೀ ಬಂದು ನೆಟ್ಟಗ ಮಾಡಿದ್ರ ಕೆಟ್ಟಿದ್ದು ಅವರಿಗೆ ಹ್ಯಾಂಗ ಗೊತ್ತಾಗ್ಬೇಕು?”

ಇದನ್ನೇ ಯೋಚಿಸುತ್ತ ರೈಲಿನಲ್ಲಿ ಮನ್ಮಾಡ್ ದಾಟಿದೆ. ಇಷ್ಟು ವರ್ಷ ನಾನು ಹೊತ್ತದ್ದು ಪರಿಹಾರವೆಂದು ತಿಳಿದಿದ್ದೆ. ಒಂದು ದೋಷವನ್ನು ಚಾದರದಲ್ಲಿ ಬೆಚ್ಚಗೆ ಸುತ್ತಿಟ್ಟಿದ್ದೆನೋ ಏನೋ.

ಗುಲ್‌ಮಂಡಿಯ ಹಿಂದಿನ ಗಲ್ಲಿಯಲ್ಲಿರುವ ಅತ್ತಿಯ ಮನೆ ತಲುಪಿದಾಗ ಬಾಗಿಲು ತೆರೆದದ್ದು ಮಂಜಿರಿ. ಮರಾಠಿಯವಳಾದ ಅವಳು ಕನ್ನಡ ಕಲಿತದ್ದು ಅರ್ಧ ಅತ್ತೆಯಿಂದ, ಅರ್ಧ ಆ ಯಂತ್ರದಿಂದ.

“ಭಾವಜಿ, ಆಯಿ ಖೋಲಿ ಬಾಗಲಾ ಹಾಕ್ಕೊಂಡಾರ” ಅಂದಳು, ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡಿದ್ದಾರೆ ಎಂದು. ಆಮೇಲೆ ಯಂತ್ರದ ಹಾಗೆ ದನಿ ಬದಲಿಸಿ, “ದಯವಿಟ್ಟು ನಿರೀಕ್ಷಿಸಿ.”

ಒಳಗಿನಿಂದ ಅತ್ತಿ ಕೂಗಿದಳು: “ಬಂದ್ಯಾ? ಅಲ್ಲೇ ಕುಂದ್ರು. ಒಳಗ ಕಾಲಿಟ್ಟಿ ಅಂದ್ರ ಪರೀಕ್ಷೆ ಕೆಡತೈತಿ.”

ಕೂತೆ. ಬಾಗಿಲಾಚೆ ಗಂಡುದನಿ ಇಂಗ್ಲಿಷಿನಲ್ಲಿ ಓಡುತ್ತಿತ್ತು: ಭಾಷೆ, ಕೀಲಿಮಣೆ, ಜಾಲ ಇರಬೇಕು, ಆ ಕ್ರಮ ನನಗೆ ಬಾಯಿಪಾಠ. ನನಗೆ ಒಂದು ಪದವೂ ಹಿಡಿಯಲು ಆಗುತ್ತಿರಲಿಲ್ಲ, ಅತ್ತಿಯ ಬೆರಳು ಮಾತ್ರ ನಡುನಡುವೆ ಟಕ್ಕೆನ್ನುತ್ತಿತ್ತು. ಆಮೇಲೆ ದನಿ ನಿಂತಿತು. ಮಂಜಿರಿ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ನಾನು ಅರ್ಧ ಎದ್ದಿದ್ದೆ. ಆ ಮೌನ ಎಷ್ಟು ಹೊತ್ತಿತ್ತೋ, ನನ್ನ ಲೆಕ್ಕವನ್ನು ನಂಬಬೇಡಿ. ಒಳಗೆ ಒಂದು ಕೆಮ್ಮು. ಆಮೇಲೆ ದನಿ, ಅತ್ತಿ ನಂತರ ವಿವರಿಸಿದ ಪ್ರಕಾರ, ಡಿಸ್ಕಿನ ಹೆಸರನ್ನು ಹೇಳಿತು, ಅದರ ಅಳತೆ ಹೇಳಿತು, ಏನು ಮಾಡಲಿ ಎಂದು ಕೇಳಿತು, ಉತ್ತರ ಪಡೆಯಿತು, ಮುಂದೆ ಹೋಯಿತು.

“ಬೋಲಲಾ!” ಎಂದು ಮಂಜಿರಿ ಲಟ್ಟಣಿಗೆ ಎತ್ತಿ ಕೂಗಿದಳು. ಮಾತಾಡಿದ!

ಬಾಗಿಲು ತೆರೆದಾಗ ಅತ್ತಿ ಆಗಲೇ ವರದಿ ಬರೆದು ಕಳಿಸಿಯಾಗಿತ್ತು. ಏನು ಬರೆದೆ ಎಂದು ಕೇಳಿದೆ. “ಕಡೀ ಮಟಾ ಮಾತಾಡಿದ ಅಂತ. ಮತ್ತೇನು, ಕವಿತಾ ಬರೀಲ್ಯಾ?” ಅಂದಳು, ಆದರೆ ಅವಳ ಕೈ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮತ್ತೆ ಸುತ್ತುತ್ತಿತ್ತು.

ಈಗ ಊಟವಾಗಿದೆ. ಬರಿಗೈಯವನಿಗೂ ಅದೇ ಊಟ ಸಿಕ್ಕಿತು ಎಂದು ದಾಖಲಿಸುತ್ತೇನೆ. ಬಿಡುಗಡೆಯ ಪ್ರಕಟಣೆ ಇನ್ನೂ ಬಂದಿಲ್ಲ. ಮಂಜಿರಿ ಆಗಾಗ ಬಂದು “ಝಾಲಂ ಕಾ?”, ಆಯಿತೇ, ಎಂದು ಕೇಳಿ ಹೋಗುತ್ತಾಳೆ. ಅತ್ತಿ ಕೈ ಚಾಚಿದಳು.

“ನಿನ್ನ ಲ್ಯಾಪ್‌ಟಾಪ್ ತಂದೀಯಲ್ಲ? ಇಲ್ಲಿ ತಾ, ಹೊಸಾದು ಹಾಕಿ ಕೊಡ್ತೀನಿ.”

ಚೀಲದಿಂದ ತೆಗೆದು ಕೊಟ್ಟೆ. ಅವಳು ಪೆನ್‌ಡ್ರೈವ್ ಚುಚ್ಚಿದಳು. ದನಿ ಓಡತೊಡಗಿತು. ನಾನು ಪರದೆಯತ್ತ ಬಾಗಿದ್ದು ಅವಳಿಗೆ ಹೇಗೆ ತಿಳಿಯಿತೋ.

“ನೋಡಬ್ಯಾಡ, ಕೇಳು. ತಿಳೀವಲ್ದೇನು?”

“ಇಲ್ಲ ಅತ್ತಿ.”

“ಸಾವಕಾಶ ಮಾಡ್ಲ್ಯಾ?”

ಹೂಂ ಅಂದೆ. ಅವಳು ದನಿಯ ವೇಗವನ್ನು ಇಳಿಸಿದಳು, ಇನ್ನಷ್ಟು ಇಳಿಸಿದಳು, ನನಗೆ ಅರ್ಥವಾಗುವವರೆಗೆ.