ದಿನ ಬಿಟ್ಟು ದಿನದ ಬೋಳುತಲೆ

ಜಮಖಂಡಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ಅಪ್ಪಾಸಾಬ ಸರ್ ಯಾವ ಮಾತು ಬಂದರೂ ತಂದು ಜೀನಿನ ಗೂಟಕ್ಕೇ ಕಟ್ಟುವವರು. ಬಸ್ಸು ತಡವಾದರೆ ಡ್ರೈವರನ ಜೀನು, ಚಹಾ ನೀರಾದರೆ ಹೋಟೆಲಿನವನ ಮುತ್ಯಾನ ಜೀನು. ದಿನ ಬಿಟ್ಟು ದಿನ, ಊರು ಏಳುವ ಮೊದಲೇ ದುರಗೇಶನ ಕಟಿಂಗ್ ಅಂಗಡಿಯ ಕುರ್ಚಿ ಏರಿ, ತಲೆಗೆ ಸಾಬೂನು ಬೀಳುತ್ತಲೇ ಪಾಠ ಶುರು ಮಾಡುತ್ತಾರೆ: "ಕೂದಲದ ಬೇರಿನ್ಯಾಗ ಜೀವಕೋಶ ಒಂದಕ್ಕೊಂದು ಅಂಟಿಕೊಂಡಿರತಾವ, ದುರಗೇಶ. ಅಂಟಿಸೋ ಜೀನು ಕೆಟ್ಟರ, ಪಾಕ ಹದಗೆಟ್ಟ ಬೆಲ್ಲ ಇದ್ದಂಗ, ಉದುರೇ ಬಿಡತೈತಿ. ಅಪ್ಪಂದೊಂದು, ಅವ್ವಂದೊಂದು, ಎರಡೂ ಕೆಟ್ಟಿರಬೇಕು ಮತ್ತ. ಒಬ್ಬರದರಿಂದ ಆಗಂಗಿಲ್ಲ." "ಹೌದ್ರಿ ಸರ್" ಎನ್ನುವ ದುರಗೇಶ ಈಗ ಪರೀಕ್ಷೆಗೆ ಕೂತರೂ ಪಾಸಾದಾನು. ಸರ್ ಅವರ ಮಗಳು ವೈಶಾಲಿಗೆ ಎರಡು ವರ್ಷ ತುಂಬಿದರೂ ತಲೆಯಲ್ಲಿ ಕೂದಲು ನಿಲ್ಲಲಿಲ್ಲ; ಅದೇ ಹೊತ್ತಿಗೆ ಸರ್ ತಲೆಯೂ ಬೋಳಾಯಿತು, ಪಾಪ, ವಂಶದ ರೋಗ ಎಂದು ಊರು ನಂಬಿದೆ. ಖರೆ ಸಂಗತಿ ಗೊತ್ತಿರುವುದು ದುರಗೇಶನ ಕತ್ತಿಗೊಂದೇ: ಆ ತಲೆಯಲ್ಲಿ ಕೂದಲು ಕೂಳೆ ಕಬ್ಬಿನ ಹಾಗೆ ಕಡಿದಷ್ಟೂ ದಟ್ಟವಾಗಿ ಚಿಗುರುತ್ತದೆ. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟ: "ಇಂಥಾ ಕೂದಲ ಇಟಗೊಂಡು ಯಾಕ ಬೋಳಿಸಿಕೋತೀರಿ, ಸರ್?" ಸರ್ ಮೊದಲ ಸಲ ಪಾಠ ನಿಲ್ಲಿಸಿದರು. "ಕೂಸಿಗೆ ಕೂದಲಿಲ್ಲಂತ ನಮ್ಮವ್ವ ನನ್ನ ಹೇಣ್ತಿನ್ನ ತವರಮನಿಗೆ ಅಟ್ಟಾಕ ನಿಂತಿದ್ಲು. ಅಕಿದೇನೂ ತಪ್ಪಿಲ್ಲ, ಎಲ್ಲಾ ನಂದ ಅಂತ ತಲಿ ತೋರಿಸಿ ಉಳಿಸಿಕೊಂಡೇನಿ." ಆಮೇಲೆ ಕತ್ತು ಬಗ್ಗಿಸಿದರು. "ಕಿವಿ ಹಿಂದ ನಾಕು ಉಳದಾವ ನೋಡು. ಅವ್ವನ ಕಣ್ಣು ಇನ್ನೂ ಛಲೋ ಅದಾವ."