ಅಳಿಸುವ ಮೊದಲು ಒಂದು ಫೋನ್

ಬೆಳಗ್ಗೆ ಆರು ಗಂಟೆ. ಸಂತೆಕಟ್ಟೆಯ ಮನೆಯಲ್ಲಿ ಒಲೆಯ ಮೇಲೆ ಗಂಜಿ ಕುದಿಯುತ್ತಿದೆ, ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದಿದೆ. ಐವತ್ತಾರರ ವಿನೋದಾ ಕನ್ನಡಕ ಏರಿಸಿಕೊಂಡು ರಾತ್ರಿ ಬಂದ ದೂರುಗಳನ್ನು ಓದುತ್ತಿದ್ದಾರೆ. ಇವತ್ತು ಹದಿನೇಳು. ಮೊದಲನೆಯದನ್ನು ಓದಿದವರೇ ಫೋನ್ ಎತ್ತಿಕೊಳ್ಳುತ್ತಾರೆ.

ತುಳುವಿನಲ್ಲಿ ಗದ್ದೆಯ ಬದು ಎಂಬ ಅರ್ಥದ ‘ಕಟ್ಟಪುಣಿ’, ಉಡುಪಿ ಸುತ್ತಿನ ಸಾವಿರದ ನೂರ ನಲವತ್ತು ಜನರ ಸಾಮಾಜಿಕ ಜಾಲತಾಣ. ಇದಕ್ಕೆ ಯಾವ ಕಂಪನಿಯ ಯಜಮಾನಿಕೆಯೂ ಇಲ್ಲ. ಮಣಿಪಾಲದ ಇಂಜಿನಿಯರ್ ಸುಕೇಶ್ ತಮ್ಮದೇ ಸರ್ವರಿನಲ್ಲಿ ನಡೆಸುತ್ತಾರೆ. ಬೇರೆ ಊರಿನವರ ಇಂಥದೇ ತಾಣಗಳ ಜೊತೆ ಸಂಪರ್ಕವಿದೆ; ಅಲ್ಲಿಯವರು ಹಾಕಿದ್ದು ಇಲ್ಲಿ, ಇಲ್ಲಿಯವರು ಹಾಕಿದ್ದು ಅಲ್ಲಿ ಕಾಣುತ್ತದೆ. ಯಾವ ಬರಹ ಉಳಿಯಬೇಕು, ಯಾವುದು ಹೋಗಬೇಕು ಎಂದು ನೋಡುವ ಸಂಬಳವಿಲ್ಲದ ಕೆಲಸ ವಿನೋದಾ ಅವರದು. ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದ ಇವರು, ಬರೆದವರೊಡನೆ ಫೋನಿನಲ್ಲಿ ಮಾತಾಡದೆ ಒಂದು ಸಾಲನ್ನೂ ಅಳಿಸುವುದಿಲ್ಲ. ಕೋಟಿಗಟ್ಟಲೆ ಜನರಿರುವ ತಾಣಗಳಿಗೆ ಈ ಬುದ್ಧಿ ಹೊಳೆದಿಲ್ಲವಲ್ಲ!

ಕಳೆದ ತಿಂಗಳು ಈ ಕ್ರಮಕ್ಕೇ ಪರೀಕ್ಷೆ ಬಂತು. ಮಣಿಪಾಲದಲ್ಲಿ ಕಟ್ಟಡ ಕೆಲಸಕ್ಕಿರುವ ಬಾದಾಮಿ ಕಡೆಯ ಕರಿಬಸವ, ಕೂಲಿಯವರು ಕುಡಿಯುವ ನೀರಿನ ಟ್ಯಾಂಕಿಯ ವಿಡಿಯೊ ಹಾಕಿದ. ಸಿಟ್ಟಿನಲ್ಲಿ ಗುತ್ತಿಗೆದಾರನ ಹೆಂಡತಿಯ ಫೋಟೊ, ಮನೆ ವಿಳಾಸವನ್ನೂ ಸೇರಿಸಿದ. ವಿನೋದಾ ಫೋನ್ ಮಾಡಿದಾಗ ಆತ ಬಗ್ಗಲಿಲ್ಲ.

“ನೀರಾಗ ಹುಳ ಅದಾವ್ರಿ ಅಕ್ಕಾ. ಅವ್ರ ಮನಿ ತೋರಿಸಿದ್ರ ಏನ್ ತಪ್ಪು?”

“ಟ್ಯಾಂಕಿ ಬಗ್ಗೆ ಎಷ್ಟು ಬೇಕಾದರೂ ಬರಿ, ನಾನು ಮುಟ್ಟುವುದಿಲ್ಲ. ಆ ಹೆಂಗಸು ನಿನಗೆ ಎಂತ ಮಾಡಿದ್ದಾಳೆ ಮಾರಾಯ?”

ಫೋಟೊ, ವಿಳಾಸವನ್ನು ಕರಿಬಸವನೇ ತೆಗೆದ. ವಿಡಿಯೊ ಉಳಿಯಿತು. ಗುತ್ತಿಗೆದಾರನ ಕಡೆಯವರು ಸುಮ್ಮನಿರುತ್ತಾರೆಯೇ? ಗಲ್ಫಿನಲ್ಲಿರುವ ನಮ್ಮವರೆಲ್ಲ ಇರುವ ಇನ್ನೊಂದು ದೊಡ್ಡ ತಾಣಕ್ಕೆ ದೂರಿನ ಮೇಲೆ ದೂರು ಕೊಟ್ಟರು. ವಿಡಿಯೊ ತೆಗೆಯಿರಿ, ಇಲ್ಲವಾದರೆ ನಿಮ್ಮ ಸಂಪರ್ಕ ಕಡಿಯುತ್ತೇವೆ ಎಂದು ಅಲ್ಲಿಂದ ನೋಟಿಸ್ ಬಂತು. ನಿರ್ಧಾರವನ್ನು ಸುಕೇಶ್ ಇವರಿಗೇ ಬಿಟ್ಟರು. ವಿನೋದಾ ಬಸ್ಸು ಹತ್ತಿ ಮಣಿಪಾಲಕ್ಕೆ ಹೋದರು, ಟ್ಯಾಂಕಿಯ ಮುಚ್ಚಳ ತೆಗೆಸಿ ಹುಳಗಳನ್ನು ಕಣ್ಣಾರೆ ನೋಡಿದರು, ವಿಡಿಯೊ ತೆಗೆಯುವುದಿಲ್ಲ ಎಂದು ಉತ್ತರ ಬರೆದರು. ಮಾರನೆಯ ದಿನ ಸಂಪರ್ಕ ಕಡಿಯಿತು. ದುಬೈಯಲ್ಲಿರುವ ಮಗಳು ಮೋಕ್ಷಾ ಹಾಕುವ ಫೋಟೊಗಳು ಇವರಿಗೂ ಕಾಣದಾದವು.

ಅದಾಗಿ ವಾರದಲ್ಲಿ ಹೊಸ ಟ್ಯಾಂಕಿ ಬಂತು. ಕಡಿದ ಸಂಪರ್ಕ ಮಾತ್ರ ಇನ್ನೂ ಬಂದಿಲ್ಲ. ಅರುವತ್ತು ಜನ ‘ಕಟ್ಟಪುಣಿ’ ಬಿಟ್ಟುಹೋದರು. ಉಳಿದವರಲ್ಲಿ ಕೆಲವರು ಇವರನ್ನು ಹೆಸರೆತ್ತಿ ಬೈದು ಬರೆದಿದ್ದಾರೆ. ಓದಿದರೆ ಇದನ್ನು ಬರೆಯುತ್ತಿರುವ ನನಗೇ ಮೈ ಉರಿಯುತ್ತದೆ. ಇವನ್ನಾದರೂ ಅಳಿಸಬಹುದಿತ್ತಲ್ಲ ಎಂದೆ.

ವಿನೋದಾ ಗಂಜಿ ಇಳಿಸುತ್ತಾ ನಕ್ಕರು. “ಬೈಯಲಿ. ನನಗೆ ಬೈದದ್ದನ್ನು ಅಳಿಸುವುದಾದರೆ ಕರಿಬಸವನ ಟ್ಯಾಂಕಿಯನ್ನೂ ಅಳಿಸಬೇಕಿತ್ತು, ಅಲ್ವಾ?”