ಇಳಿಜಾರಿನ ಉಳಿತಾಯ

ನಮ್ಮ ಮಾವನವರು ಮೊದಲು ಟೆಂಪೋ ಓಡಿಸುತ್ತಿದ್ದವರು. ಇಳಿಜಾರು ಬಂದರೆ ಇಂಜಿನ್ ಬಂದ್ ಮಾಡಿಯೇ ಡೀಸೆಲ್ ಉಳಿಸಿದೆ ಎಂಬುದು ಅವರ ಹೆಮ್ಮೆ. ಈಗ ನನ್ನ ಸ್ಕೂಟರಿನ ಹಿಂದೆ ಕೂತರೂ ಅದೇ ಚಾಳಿ. ಟೈರಿಗೆ ಗಾಳಿ ಹಾಕಿಸುವವಳು, ಏರ್ ಫಿಲ್ಟರಿನ ಧೂಳು ತೆಗೆಸುವವಳು ನಾನು. ಆದರೂ ‘ಹೆಣ್ಣಮಕ್ಕಳ ಕೈಯಾಗ ಗಾಡಿ ಮೈಲೇಜ್ ಕೊಡೂದಿಲ್ಲ’ ಎಂದು ಊರಿಗೆಲ್ಲ ಸಾರುತ್ತಾರೆ.

ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ ಇಬ್ಬರೂ ಬೆಲ್ಲದ ಬಾಗೇವಾಡಿಯಿಂದ ಗೋಕಾಕಕ್ಕೆ ಬಟ್ಟೆ ತರಲು ಹೊರಟಿದ್ದೆವು. ಫಾಲ್ಸ್ ದಾಟಿ ಇಳಿಜಾರು ಶುರುವಾದದ್ದೇ ಹಿಂದಿನಿಂದ ಅಪ್ಪಣೆಯಾಯಿತು.

‘ಬಂದ್ ಮಾಡವಾ. ಇಳಿಯೂದಕ್ಕ ಪೆಟ್ರೋಲ್ ಯಾಕ ಸುಡ್ತಿ?’

ಮಾತು ಬೆಳೆಸುವುದು ಬೇಡವೆಂದು ಕೀಲಿ ತಿರುಗಿಸಿದೆ. ತಿರುವಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಎದುರಾಯಿತು. ಹಾರ್ನ್ ಒತ್ತಿದೆ, ಕೀಲಿ ಬಂದ್ ಇದ್ದುದರಿಂದ ಸದ್ದೇ ಬರಲಿಲ್ಲ. ಬ್ರೇಕ್ ಹಿಡಿದು, ರಸ್ತೆಯಂಚಿನ ಮಣ್ಣಿಗೆ ಇಳಿಸಿ ಹೇಗೋ ನಿಲ್ಲಿಸಿದೆ. ಮಾವನವರು ಧೋತರದ ಧೂಳು ಕೊಡವಿಕೊಂಡು, ‘ಏನೂ ಆಗಿಲ್ಲ, ನಡಿ. ಚಾಲೂ ಮಾಡಬ್ಯಾಡ’ ಎಂದರು.

ಚಾಲೂ ಮಾಡಿದೆ.

‘ಮಾವಾರ, ಪೆಟ್ರೋಲ್ ಉಳಸಾಕ ಇನ್ನೊಂದು ದಾರಿ ಐತ್ರಿ. ಗಾಡಿ ಮ್ಯಾಲಿನ ಭಾರ ಕಡಿಮಿ ಮಾಡೂದು. ಇಳೀರಿ.’

ಚೇಷ್ಟೆ ಎಂದುಕೊಂಡು ನಕ್ಕರು. ನಾನು ನಗಲಿಲ್ಲ. ಕೊನೆಗೆ ಗೊಣಗುತ್ತ ಇಳಿದರು. ದಿನಾ ಬೆಳಿಗ್ಗೆ ಹೊಲದವರೆಗೆ ನಡೆಯುವ ಗಟ್ಟಿ ಕಾಲು ಅವರವು. ಇಳಿಜಾರು ಮುಗಿಯುವಷ್ಟು ದೂರಕ್ಕೆ ಸವೆಯುವಂಥವಲ್ಲ.

ನಾನು ಪ್ರತಿ ತಿರುವಿನಲ್ಲೂ ಹಾರ್ನ್ ಬಾರಿಸುತ್ತ ಇಳಿದು, ಕೆಳಗೆ ಬೇವಿನ ಮರದಡಿ ಅವರಿಗಾಗಿ ಕಾದೆ. ಅವರು ಬಂದು ಮುಟ್ಟುವವರೆಗೂ ಇಂಜಿನ್ ಚಾಲೂ ಇಟ್ಟಿದ್ದೆ.